1:24ರಲ್ಲಿ ಮಲೆನಾಡಿನ ಬಚ್ಚಲುಮನೆ: ಹಂಡೆ, ಬಕೆಟ್ಟು, ಮಾಡಿನ ತಗಡು ನಿಜವಾದ ಲೋಹದ ಹಾಗೆ ಕಾಣಬೇಕು

ಅಡಿಕೆಸಿಪ್ಪೆ:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ನಮ್ಮ ಅಜ್ಜಿಮನೆಯ ಬಚ್ಚಲನ್ನು 1:24 ಅಳತೆಯಲ್ಲಿ, ಅಂದರೆ ನಿಜ ಗಾತ್ರದ 24ರಲ್ಲಿ ಒಂದು ಪಾಲಿಗೆ, ಡಯೊರಾಮಾ (ಪುಟ್ಟ ದೃಶ್ಯದ ಮಾದರಿ) ಮಾಡುತ್ತಿದ್ದೇನೆ. ಹಿತ್ತಲ ಕಡೆ ಪ್ರತ್ಯೇಕವಾಗಿ ಕಟ್ಟಿದ್ದ ಬಚ್ಚಲು ಅದು. ಮಣ್ಣಿನ ಗೋಡೆ, ಒಲೆಯ ಮೇಲೆ ತಾಮ್ರದ ಹಂಡೆ, ಮೇಲೆ ಅಲೆ ಅಲೆ ಜಿಂಕ್ ಶೀಟಿನ ಮಾಡು. ಮೂಲೆಯಲ್ಲಿ ನೀರು ತುಂಬಿಡುವ 200 ಲೀಟರಿನ ಡ್ರಮ್ಮು, ಎರಡು ತಗಡಿನ ಬಕೆಟ್ಟು, ಹಿತ್ತಾಳೆ ಚೊಂಬು. ಗೋಡೆ, ಒಲೆ, ಕಟ್ಟಿಗೆ ರಾಶಿ, ಒಲೆಗೆ ಹಾಕುವ ಅಡಿಕೆ ಸಿಪ್ಪೆ ಎಲ್ಲ ಮುಗಿದಿದೆ. ಅವು ಚೆನ್ನಾಗಿಯೇ ಬಂದಿವೆ.

ಕೆಲಸ ನಿಂತಿರುವುದು ಲೋಹದ ಸಾಮಾನಿನಲ್ಲಿ. ಬಕೆಟ್ಟನ್ನು ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿ ಬೆಳ್ಳಿ ಬಣ್ಣ ಹೊಡೆದೆ. ಅಳತೆ ಸರಿ ಇದೆ, ಆಕಾರ ಸರಿ ಇದೆ, ಆದರೂ ಪ್ಲಾಸ್ಟಿಕ್ ಅಂತ ದೂರದಿಂದಲೇ ಗೊತ್ತಾಗುತ್ತದೆ. ತ್ರೀಡಿ ಪ್ರಿಂಟ್ ಮಾಡಿಸಿದ ಡ್ರಮ್ಮೂ ಹಾಗೇ. ಮಾಡಿಗೆ ಅಡುಗೆಮನೆಯ ಫಾಯಿಲ್ ಬಳಸಿದರೆ ಕೈ ತಾಗಿದಲ್ಲೆಲ್ಲ ಸುಕ್ಕು. ಹಂಡೆಗೆ ಇನ್ನೂ ಕೈ ಹಾಕಿಲ್ಲ, ಅದನ್ನು ಎಲ್ಲಿಂದ ಶುರು ಮಾಡುವುದು ಅಂತಲೇ ಹೊಳೆಯುತ್ತಿಲ್ಲ.

ನನ್ನ ಹತ್ತಿರ 25 ವಾಟಿನ ಸಾಲ್ಡರಿಂಗ್ ಐರನ್, ವರ್ನಿಯರ್, ಕಟರ್, ಸಣ್ಣ ಡ್ರಿಲ್ ಮಷೀನು ಇವೆ. ಲೇಥ್ ಇಲ್ಲ. ಬೆಂಗಳೂರಿನಲ್ಲಿರುವುದರಿಂದ ಸಾಮಾನು ಹುಡುಕಲು ತೊಂದರೆ ಇಲ್ಲ. ನಿಜವಾದ ಲೋಹದಲ್ಲೇ ಮಾಡಬೇಕಾ? ಅಥವಾ ಬಣ್ಣದಲ್ಲೇ ಸರಿಮಾಡುವ ದಾರಿ ಇದೆಯಾ?

ಮೀಟರ್‌ಗೇಜ್:

ನಾನು ರೈಲು ಮಾಡೆಲ್ ಮಾಡುವವನು, ನನಗೆ ತಿಳಿದಷ್ಟು ಹೇಳುತ್ತೇನೆ. ಬೆಳ್ಳಿ ಬಣ್ಣವನ್ನು ನೇರವಾಗಿ ಹೊಡೆಯಬೇಡಿ. ಮೊದಲು ಕಪ್ಪು ಅಥವಾ ಕಡು ಬೂದು ಬಣ್ಣ ಕೊಡಿ, ಹೊಳಪಿಲ್ಲದ್ದು. ಒಣಗಿದ ಮೇಲೆ 6ಬಿ ಪೆನ್ಸಿಲ್ಲಿನ ಸೀಸವನ್ನು ಉಪ್ಪುಕಾಗದದಲ್ಲಿ ಉಜ್ಜಿ ಪುಡಿ ಮಾಡಿ, ಬೆರಳಿನಲ್ಲಿ ಅಂಚುಗಳಿಗೆ ಮಾತ್ರ ತಿಕ್ಕಿ. ಸವೆದ ಕಬ್ಬಿಣದ ಮಂಕು ಹೊಳಪು ಬರುತ್ತದೆ. ಡ್ರಮ್ಮಿಗೆ ಇದು ಸಾಕು.

ಚೊಂಬಿಗೆ, ಕೊಡಪಾನಕ್ಕೆ ಇನ್ನೊಂದು ದಾರಿ ಇದೆ. ಅಲಂಕಾರದ ಸಾಮಾನಿನ ಅಂಗಡಿಯಲ್ಲಿ ಸಣ್ಣ ಹಿತ್ತಾಳೆ ಗೆಜ್ಜೆ ಸಿಗುತ್ತದೆ. ಮೇಲಿನ ಕೊಂಡಿಯನ್ನು ಅರದಿಂದ ಉಜ್ಜಿ ತೆಗೆದು, ಅಲ್ಲಿ ಕುತ್ತಿಗೆ ಬೆಸೆದರೆ ಕೊಡ ತಯಾರು. ಕೆಳಗಿನ ಸೀಳು ನೆಲದ ಕಡೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ.

ತಗಡಿನಂಗಡಿ:

ಅಡಿಕೆಸಿಪ್ಪೆಯವರೇ, ಬಚ್ಚಲುಮನೆ ಅಂದ ಕೂಡಲೇ ಕೂತು ಬರೆಯಲು ಶುರು ಮಾಡಿದೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ತಂದೆಯವರದು ಹಾಸನದಲ್ಲಿ ತಗಡಿನ ಕೆಲಸದ ಅಂಗಡಿ. ಬಕೆಟ್ಟಿಗೆ ಹೊಸ ತಳ ಹಾಕುವುದು, ಸೀಮೆಎಣ್ಣೆ ಬುಡ್ಡಿ, ಲಾಳಿಕೆ, ಅಕ್ಕಿ ಡಬ್ಬ ಮಾಡುವುದು. ನಾನು ಆ ಕೆಲಸ ನೋಡುತ್ತಾ, ಮಾಡುತ್ತಾ ಬೆಳೆದವನು. ಈಗ ಅದನ್ನೇ ಚಿಕ್ಕದಾಗಿ ಮಾಡುತ್ತೇನೆ. ಹಾಗಾಗಿ ನನ್ನ ಮಾತು ಒಂದೇ: ದೊಡ್ಡ ಬಕೆಟ್ಟನ್ನು ತಗಡಿನವನು ಹೇಗೆ ಮಾಡುತ್ತಾನೋ, ಚಿಕ್ಕದನ್ನೂ ಹಾಗೇ ಮಾಡಿ. ಅದೇ ಮಡಿಕೆ, ಅದೇ ಜೋಡಣೆ, ಅದೇ ಕ್ರಮ. ಆಗ ಅದು ತಗಡಿನ ಬಕೆಟ್ಟಾಗುತ್ತದೆ.

ಮೀಟರ್‌ಗೇಜ್ ಅವರು ಹೇಳಿದ ಪೆನ್ಸಿಲ್ ಪುಡಿ ನಾನೂ ಬಳಸುತ್ತೇನೆ, ಒಳ್ಳೆಯದೇ. ಆದರೆ ನಿಮ್ಮ ಬಕೆಟ್ಟು ಪ್ಲಾಸ್ಟಿಕ್ ಅನ್ನಿಸುವುದಕ್ಕೆ ಬಣ್ಣಕ್ಕಿಂತ ಜಾಸ್ತಿ ಕಾರಣ ಅಂಚಿನ ದಪ್ಪ. ಲೆಕ್ಕ ಹಾಕಿ ನೋಡಿ. ಅರ್ಧ ಮಿಲಿಮೀಟರ್ ಹಾಳೆ 24ರಿಂದ ಗುಣಿಸಿದರೆ 12 ಮಿ.ಮೀ. ಆಗುತ್ತದೆ. 12 ಮಿ.ಮೀ. ದಪ್ಪದ ತಗಡಿನಲ್ಲಿ ಯಾರು ಬಕೆಟ್ಟು ಮಾಡುತ್ತಾರೆ? ನಿಜವಾದ ಬಕೆಟ್ಟಿನ ತಗಡು ಸುಮಾರು ಅರ್ಧ ಮಿಲಿಮೀಟರ್. ಅದನ್ನು 24ರಿಂದ ಭಾಗಿಸಿದರೆ 0.02 ಮಿ.ಮೀ. ಅಂದರೆ ಅಡುಗೆಮನೆ ಫಾಯಿಲಿನಷ್ಟು! ನೋಡುವವರಿಗೆ ಈ ಲೆಕ್ಕ ಗೊತ್ತಿರಬೇಕಿಲ್ಲ. ದಿನಾ ಬಕೆಟ್ಟು ಎತ್ತಿದ ಕಣ್ಣಿಗೆ ದಪ್ಪ ತಪ್ಪಿದ್ದು ತಾನಾಗಿಯೇ ತಿಳಿಯುತ್ತದೆ.

ಫಾಯಿಲಿನಲ್ಲಿ ಬಕೆಟ್ಟು ನಿಲ್ಲುವುದಿಲ್ಲ, ಅಲ್ಯುಮಿನಿಯಮ್ಮಿಗೆ ಮಾಮೂಲಿ ಬೆಸುಗೆಯೂ ಹಿಡಿಯುವುದಿಲ್ಲ. ತಂಪು ಪಾನೀಯದ ಕ್ಯಾನು ಸುಮಾರು 0.1 ಮಿ.ಮೀ., ಬಕೆಟ್ಟಿಗೆ ಸ್ವಲ್ಪ ದಪ್ಪವೇ. ನಾನು ಬಳಸುವುದು 0.05 ಮಿ.ಮೀ. ಹಿತ್ತಾಳೆ ಶಿಮ್, ಅಂದರೆ ತೆಳು ಹಿತ್ತಾಳೆ ಹಾಳೆ. ಹಾರ್ಡ್‌ವೇರ್ ಅಂಗಡಿಯಲ್ಲಿ 'ಎರಡು ಥೌ ಶಿಮ್' ಅಂತ ಕೇಳಿ, ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಎಸ್.ಜೆ.ಪಿ. ರಸ್ತೆಯ ಕಡೆ ಹುಡುಕಿದರೆ ಸಿಗುತ್ತದೆ. ಕತ್ತರಿಯಲ್ಲೇ ಕತ್ತರಿಸಬಹುದು. ಬೆಸುಗೆ ಚೆನ್ನಾಗಿ ಹಿಡಿಯುತ್ತದೆ.

ಈಗ ಬಕೆಟ್ಟು. ಬಾಯಿ 300 ಮಿ.ಮೀ., ತಳ 200, ಎತ್ತರ 260 ಅಂತ ಇಟ್ಟುಕೊಳ್ಳಿ. 1:24ರಲ್ಲಿ ಬಾಯಿ 12.5 ಮಿ.ಮೀ., ತಳ 8.3, ಎತ್ತರ 10.8. ಮೇಲೆ ಅಗಲ, ಕೆಳಗೆ ಕಿರಿದು ಇರುವುದರಿಂದ ತಗಡನ್ನು ಆಯತವಾಗಿ ಕತ್ತರಿಸಿದರೆ ಆಗುವುದಿಲ್ಲ, ಬೀಸಣಿಗೆಯ ಆಕಾರ ಬೇಕು. ಶಿಮ್ಮಿನ ಮೇಲೆ ಒಂದೇ ಕೇಂದ್ರದಿಂದ ಎರಡು ಕಮಾನು ಎಳೆಯಿರಿ: ಹೊರಗಿನದಕ್ಕೆ ತ್ರಿಜ್ಯ 33 ಮಿ.ಮೀ., ಒಳಗಿನದಕ್ಕೆ 22. ಕೋನ 68 ಡಿಗ್ರಿ. ಒಂದು ಬದಿಗೆ ಅರ್ಧ ಮಿಲಿಮೀಟರ್ ಜಾಸ್ತಿ ಬಿಡಿ, ಅದು ಜೋಡಣೆಗೆ. ಇದನ್ನು ಸುತ್ತಿದರೆ ಬಕೆಟ್ಟಿನ ಮೈ ತಾನಾಗಿ ಬರುತ್ತದೆ. ತಂದೆಯವರು ಇದನ್ನು ಹಗ್ಗ, ಮೊಳೆ ಇಟ್ಟುಕೊಂಡು ನೆಲದ ಮೇಲೆ ಗೀಚಿ ಮಾಡುತ್ತಿದ್ದರು.

ಸುತ್ತುವ ಮೊದಲೇ ಬಣ್ಣದ ಕೆಲಸ ಮುಗಿಸಿ. ಬಣ್ಣ ಅಂದರೆ ಡಬ್ಬಿಯ ಬಣ್ಣ ಅಲ್ಲ. ಹಿತ್ತಾಳೆಯನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟು) ಸವರಿ, ಐರನ್ನಿನಲ್ಲಿ ಒಂದೇ ಒಂದು ಹನಿ ಸಾಲ್ಡರ್ ತೆಗೆದುಕೊಂಡು ಇಡೀ ತಗಡಿನ ಮೇಲೆ ಓಡಿಸಿ. ಬಿಸಿ ಇರುವಾಗಲೇ ಹತ್ತಿ ಬಟ್ಟೆಯಲ್ಲಿ ಒರೆಸಿಬಿಡಿ. ತೆಳ್ಳನೆ ಬೂದು ಪದರ ಉಳಿಯುತ್ತದೆ. ಪಾತ್ರೆಗೆ ಕಲಾಯಿ ಹಾಕುವವರು ಮಾಡುವುದೂ ಇದೇ ತಾನೆ. ಕಾಯಿಸಿದ ಪಾತ್ರೆಗೆ ನವಸಾಗರ ಉದುರಿಸಿ, ತವರ ಮುಟ್ಟಿಸಿ, ಬಟ್ಟೆಯಲ್ಲಿ ಒರೆಸುತ್ತಾರೆ. ನಮ್ಮದರಲ್ಲಿ ತವರದ ಜೊತೆ ಸೀಸವೂ ಇದೆ, ಅಷ್ಟೇ ವ್ಯತ್ಯಾಸ. ಈ ಬೂದು ಬಣ್ಣ ಜಿಂಕ್ ಬಕೆಟ್ಟಿನ ಬಣ್ಣಕ್ಕೆ ಎಷ್ಟು ಹತ್ತಿರ ಅಂದರೆ, ಮುಂದೆ ಬಣ್ಣದ ಅಗತ್ಯವೇ ಬೀಳುವುದಿಲ್ಲ. ಹೊಗೆ ಮೂಗಿಗೆ ಹೋಗದ ಹಾಗೆ ಕಿಟಕಿ ತೆಗೆದಿಡಿ, ಕೆಲಸ ಆದಮೇಲೆ ಕೈ ಸೋಪು ಹಾಕಿ ತೊಳೆಯಿರಿ.

ಮುಂದಿನದು ಬಾಯಿಯ ಅಂಚು. ನಿಮ್ಮ ಮನೆಯ ಹಳೆಯ ಬಕೆಟ್ಟು ಇದ್ದರೆ ಬಾಯಿಯ ಮೇಲೆ ಬೆರಳು ಓಡಿಸಿ ನೋಡಿ. ದುಂಡಗೆ ಇರುತ್ತದೆ. ತಗಡನ್ನು ಒಂದು ತಂತಿಯ ಸುತ್ತ ಮಡಚಿ ಒಳಗೆ ಸೇರಿಸಿರುತ್ತಾರೆ. ಇಲ್ಲದಿದ್ದರೆ ಬಾಯಿ ಕೈ ಕೊಯ್ಯುತ್ತದೆ, ಬಕೆಟ್ಟು ಸೊಟ್ಟಗಾಗುತ್ತದೆ. ಇಷ್ಟು ತೆಳು ಮೈ ಮೇಲೆ ಆ ಒಂದು ದುಂಡು ಅಂಚು ಕಂಡರೆ ಮಾತ್ರ ಕಣ್ಣು 'ತಗಡು' ಅಂತ ಒಪ್ಪುತ್ತದೆ. 1:24ರಲ್ಲಿ ಮಡಚಲು ಹೋಗಬೇಡಿ. 0.75 ಚದರ ಮಿ.ಮೀ. ಫ್ಲೆಕ್ಸಿಬಲ್ ವೈರು ಬಿಚ್ಚಿದರೆ ಒಳಗೆ ಕೂದಲಿನಂಥ ತಾಮ್ರದ ಎಳೆಗಳಿವೆ, ಒಂದೊಂದೂ ಸುಮಾರು 0.2 ಮಿ.ಮೀ. ಅದರಲ್ಲಿ ಒಂದು ಎಳೆಯನ್ನು ಬಾಯಿಯ ಹೊರಗೆ ಸುತ್ತಿ, ಐರನ್ ತುದಿಯನ್ನು ಅಲ್ಲಲ್ಲಿ ಮುಟ್ಟಿಸಿ. ಮೈ ಮೇಲೆ ಆಗಲೇ ಸಾಲ್ಡರ್ ಇರುವುದರಿಂದ ತಾನೇ ಕರಗಿ ಹಿಡಿದುಕೊಳ್ಳುತ್ತದೆ.

ತಳದ ಬಿಲ್ಲೆಯನ್ನು ಕೆಳಗಿನ ಅಂಚಿಗೆ ಸಮನಾಗಿ ಕೂರಿಸಬೇಡಿ. ನಿಜವಾದ ಬಕೆಟ್ಟಿನಲ್ಲಿ ತಳ ಸ್ವಲ್ಪ ಒಳಗಿರುತ್ತದೆ, ಕೆಳಗೆ ಬಳೆ ಮಾತ್ರ ನೆಲಕ್ಕೆ ತಾಗುತ್ತದೆ. ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ ಮೇಲೆ ಕೂರಿಸಿ. ಒಂದು ಬಕೆಟ್ಟನ್ನು ಬೋರಲು ಹಾಕಿಟ್ಟರೆ ಈ ಕೆಲಸ ಚೆನ್ನಾಗಿ ಕಾಣುತ್ತದೆ.

ಹಿಡಿಗೆ ತಾಮ್ರದ ತಂತಿ ಬೇಡ, ಮುಟ್ಟಿದರೆ ಬಾಗುತ್ತದೆ. ಗಿಟಾರಿನ ಅತಿ ತೆಳು ಉಕ್ಕಿನ ತಂತಿ 0.25 ಮಿ.ಮೀ. ಇರುತ್ತದೆ, 24ರಿಂದ ಗುಣಿಸಿದರೆ 6 ಮಿ.ಮೀ. ಸರಿಯಾಗಿ ಬಕೆಟ್ಟಿನ ಹಿಡಿಯ ದಪ್ಪ. ಕಿವಿಗಳಿಗೆ ಶಿಮ್ಮಿನ ಚೂರು, ಒಂದೊಂದಕ್ಕೂ ಎರಡು ರಿವಿಟ್ಟು. ರಿವಿಟ್ಟಿಗೆ ಶಿಮ್ಮಿನ ಹಿಂದಿನಿಂದ ಸೂಜಿಯ ಮೊಂಡು ತುದಿ ಒತ್ತಿದರೆ ಸಾಕು, ಮುಂದೆ ಸಣ್ಣ ಗುಬುಟು ಏಳುತ್ತದೆ.

ಅಡಿಕೆಸಿಪ್ಪೆ:

ಸರ್, ತುಂಬಾ ಧನ್ಯವಾದ. 12 ಮಿ.ಮೀ. ಲೆಕ್ಕ ಓದಿದ ಮೇಲೆ ಎಲ್ಲ ಸಾಮಾನಿನ ಅಂಚನ್ನೂ ವರ್ನಿಯರ್ ಹಿಡಿದು ನೋಡುತ್ತಿದ್ದೇನೆ. ಶಿಮ್ ಸಿಕ್ಕಿತು, 33 ಮತ್ತು 22ರ ಅಳತೆ ಕಾಗದದಲ್ಲಿ ಕತ್ತರಿಸಿ ಸುತ್ತಿ ನೋಡಿದೆ. ಬಕೆಟ್ಟು ಬಂದೇಬಿಟ್ಟಿತು!

ಹಾಗಾದರೆ ಡ್ರಮ್ಮಿಗೂ ಮಾಡಿಗೂ ಇದೇ ಶಿಮ್ಮಾ? ಹಂಡೆಗೆ?

ತಗಡಿನಂಗಡಿ:

ಇಲ್ಲ, ಅವೆರಡಕ್ಕೂ ಶಿಮ್ ದಂಡ. ಹೋಟೆಲಿನವರು ಊಟ ಕಟ್ಟಿಕೊಡುವ ಅಲ್ಯುಮಿನಿಯಂ ಡಬ್ಬಿ ಇರುತ್ತದಲ್ವಾ, ಅದರ ತಳ ಸಾಕು. ಮೆತ್ತಗಿರುತ್ತದೆ, ಒತ್ತಿದ ಆಕಾರ ಹಿಡಿದುಕೊಳ್ಳುತ್ತದೆ, ಫಾಯಿಲಿನ ಹಾಗೆ ಸುಕ್ಕಾಗುವುದಿಲ್ಲ. ಗಾಜಿನ ಮೇಲಿಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ತಿಕ್ಕಿದರೆ ಸಪಾಟಾಗುತ್ತದೆ.

ಮಾಡಿನ ತಗಡಿನ ಅಲೆ ಒಂದರಿಂದ ಇನ್ನೊಂದಕ್ಕೆ 76 ಮಿ.ಮೀ., ಹಳೆಯ ಲೆಕ್ಕದಲ್ಲಿ 3 ಇಂಚು. ಲಂಡನ್ನಿನಲ್ಲಿ ಹೆನ್ರಿ ಪಾಮರ್ ಎಂಬುವರು 1829ರಲ್ಲಿ ಈ ಅಲೆ ತಗಡಿಗೆ ಪೇಟೆಂಟ್ ಪಡೆದರು. ಸತುವಿನ ಲೇಪ ಬಂದದ್ದು ಆಮೇಲೆ, 1837ರಲ್ಲಿ ಫ್ರಾನ್ಸಿನಿಂದ. ಅಲೆ ಇಲ್ಲದಿದ್ದರೆ ಅಷ್ಟು ತೆಳು ತಗಡು ತನ್ನ ಭಾರಕ್ಕೇ ಬಾಗುತ್ತದೆ. ಹಾಗಾಗಿ ಅಲೆಯ ಅಳತೆ ತಪ್ಪಿದರೆ ಮಾಡು ಮಾಡಿನ ಹಾಗೆ ಕಾಣುವುದಿಲ್ಲ. 1:24ರಲ್ಲಿ ಅದು 3.2 ಮಿ.ಮೀ.

ಸೈಕಲ್ ಅಂಗಡಿಯಿಂದ ಹಳೆಯ ಸ್ಪೋಕ್ ಕಡ್ಡಿ ತನ್ನಿ. ಮಾಮೂಲಿ 14 ಗೇಜಿನದು 2 ಮಿ.ಮೀ. ದಪ್ಪ. ಸಪಾಟು ಹಲಗೆಯ ಮೇಲೆ ಕಡ್ಡಿಗಳನ್ನು ಸಾಲಾಗಿ ಅಂಟಿಸಿ. ಒಂದು ಕಡ್ಡಿಯ ನಡುವಿನಿಂದ ಪಕ್ಕದ ಕಡ್ಡಿಯ ನಡುವಿಗೆ 3.2 ಮಿ.ಮೀ. ಬರಬೇಕು. ಅಂದರೆ ನಡುವೆ 1.2 ಮಿ.ಮೀ. ಸಂದಿ. ಡಬ್ಬಿಯ ತಗಡನ್ನು ಅದರ ಮೇಲಿಟ್ಟು, ಒಂದು ತುದಿಯಿಂದ ಶುರು ಮಾಡಿ ಒಂದೊಂದೇ ಸಂದಿಯಲ್ಲಿ ಇನ್ನೊಂದು ಕಡ್ಡಿಯಿಂದ ಒತ್ತುತ್ತಾ ಹೋಗಿ. ನಡುವಿನಿಂದ ಶುರು ಮಾಡಿದರೆ ತಗಡು ಎರಡೂ ಕಡೆಯಿಂದ ಎಳೆದು ಹರಿಯುತ್ತದೆ. 1:35 ಮಾಡುವವರಿಗೆ ಇನ್ನೂ ಸುಲಭ. ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಅಂಟಿಸಿದರೆ ಅಳತೆ ಹೆಚ್ಚುಕಮ್ಮಿ ಕೂಡಿಬರುತ್ತದೆ.

ಇಡೀ ಮಾಡನ್ನು ಒಂದೇ ತಗಡಿನಲ್ಲಿ ಮಾಡಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. 8 ಅಡಿ ಶೀಟು 1:24ರಲ್ಲಿ ಸುಮಾರು 102 ಮಿ.ಮೀ. ಹಾಗೆ ಬಿಡಿ ಬಿಡಿ ಶೀಟು ಕತ್ತರಿಸಿ. ಕೆಳಗಿನ ಸಾಲು ಮೊದಲು, ಅದರ ಮೇಲೆ ಮೇಲಿನ ಸಾಲು. ಪಕ್ಕದ ಶೀಟಿನ ಮೇಲೆ ಕನಿಷ್ಠ ಒಂದು ಅಲೆ ಏರಿರಬೇಕು. ಮೊಳೆ ಯಾವಾಗಲೂ ಅಲೆಯ ದಿಬ್ಬದ ಮೇಲೆ. ನೀರು ಹರಿಯುವ ತಗ್ಗಿನಲ್ಲಿ ಮೊಳೆ ಹೊಡೆದರೆ ಮನೆಯೊಳಗೆ ಸೋರುತ್ತದೆ, ಯಾವ ಆಚಾರಿಯೂ ಹೊಡೆಯುವುದಿಲ್ಲ. ಸೂರಿನ ಅಂಚಿನಲ್ಲಿ ಶೀಟುಗಳು ಒಂದೇ ಗೆರೆಗೆ ನಿಲ್ಲಬಾರದು, ಕೂದಲೆಳೆ ಹಿಂದೆ ಮುಂದೆ ಇರಲಿ.

ಡ್ರಮ್ಮು ಸುಮಾರು 880 ಮಿ.ಮೀ. ಎತ್ತರ, 585 ಅಗಲ. ನಿಮ್ಮ ಅಳತೆಗೆ 36.7 ಮತ್ತು 24.4. ಕರೆಂಟ್ ವೈರಿಂಗಿಗೆ ಹಾಕುವ 25 ಮಿ.ಮೀ. ಪಿವಿಸಿ ಪೈಪು ಒಳಗಿನ ಅಚ್ಚಿಗೆ ಸಾಕು. ಪೈಪಿನ ಮೇಲೆ ಎರಡು ಕಡೆ ಅರ್ಧ ಮಿಲಿಮೀಟರ್ ತಂತಿಯ ಬಳೆ ಕಟ್ಟಿ, ಅದರ ಮೇಲೆ ಡಬ್ಬಿಯ ತಗಡು ಸುತ್ತಿ, ಮೊಂಡು ಕಡ್ಡಿಯಿಂದ ಬಳೆಯ ಎರಡೂ ಬದಿ ಒತ್ತಿ. ಡ್ರಮ್ಮಿನ ಎರಡು ಪಟ್ಟೆ ಎದ್ದು ನಿಲ್ಲುತ್ತವೆ. ನೆಗ್ಗು ಬೇಕಿದ್ದರೆ ಸುತ್ತುವ ಮೊದಲೇ ಪೈಪಿನಲ್ಲಿ ಆ ಜಾಗವನ್ನು ಅರದಿಂದ ತಗ್ಗು ಮಾಡಿಡಿ.

ನಿಮ್ಮದು ನೀರಿನ ಡ್ರಮ್ಮು, ಅಂದರೆ ಮೇಲಿನ ಮುಚ್ಚಳ ಉಳಿಯಿಂದ ಕಡಿದು ತೆಗೆದಿರುತ್ತಾರೆ. ಪೈಪಿನ ದಪ್ಪ ಅಂಚು ಅಲ್ಲಿ ಕಾಣಬಾರದು. ಪೈಪನ್ನು 4 ಮಿ.ಮೀ. ಗಿಡ್ಡ ಮಾಡಿ, ತಗಡು ಮಾತ್ರ ಮೇಲಕ್ಕೆ ಏರಲಿ. ನೀರಿಗೆ ರೆಸಿನ್ ಸುರಿಯುತ್ತೀರಲ್ವಾ, ಅದು ಪೈಪಿನ ತಲೆ ಮುಚ್ಚುವಷ್ಟು ಬರಲಿ.

ಹಂಡೆಯ ಬಗ್ಗೆ ಬರೆಯುವ ಮೊದಲು ಒಂದು ವಿಷಯ ಹೇಳಿ. ನಿಮ್ಮ ಅಜ್ಜಿಮನೆಯಲ್ಲಿ ಹಂಡೆ ಒಲೆಯ ಗುಂಡುಗಳ ಮೇಲೆ ಕೂತಿತ್ತಾ, ಇಲ್ಲ ಒಲೆಯ ಮಣ್ಣಿನಲ್ಲೇ ಸೇರಿಸಿ ಮೆತ್ತಿದ್ದರಾ?

ಮೈಲುತುತ್ತ:

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಹಂಡೆಗೆ ಬೇರೆ ದಾರಿಯೂ ಇದೆ. ತೋಟದ ಮನೆಯವರಾದರೆ ಅಡಿಕೆಗೆ ಹೊಡೆಯುವ ಬೋರ್ಡೋ ಮಿಶ್ರಣಕ್ಕೆ ತಂದ ಮೈಲುತುತ್ತ (ಕಾಪರ್ ಸಲ್ಫೇಟ್) ಮನೆಯಲ್ಲೇ ಇರುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ ಸ್ವಲ್ಪ ಬ್ಯಾಟರಿ ಆಸಿಡ್ ಸೇರಿಸಿದರೆ ತಾಮ್ರ ಕೂರಿಸುವ ದ್ರಾವಣ ಆಗುತ್ತದೆ. ಯಾವಾಗಲೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಕೈಗವಸು, ಕನ್ನಡಕ ಬೇಕೇ ಬೇಕು. ಪಾತ್ರೆ ಅಡುಗೆಮನೆಗೆ ವಾಪಸ್ ಹೋಗಬಾರದು.

ಪ್ರಿಂಟ್ ಮಾಡಿಸಿದ ಹಂಡೆಗೆ ಗ್ರಾಫೈಟ್ ಬಣ್ಣ ಬಳಿದು ಅದನ್ನು ಮೈನಸ್‌ಗೆ, ತಾಮ್ರದ ತುಂಡನ್ನು ಪ್ಲಸ್‌ಗೆ ಕೊಡಿ. 10 ಚದರ ಸೆಂ.ಮೀ. ಮೈಗೆ 100 ಮಿಲಿಆಂಪಿಯರ್ ಕೊಟ್ಟರೆ ಗಂಟೆಗೆ ಸುಮಾರು 13 ಮೈಕ್ರಾನ್ (0.013 ಮಿ.ಮೀ.) ತಾಮ್ರ ಕೂರುತ್ತದೆ. ಒಂದು ಹಗಲಿಗೆ 0.1 ಮಿ.ಮೀ. ಆಗುತ್ತದೆ. ಕರೆಂಟು ಜಾಸ್ತಿ ಕೊಟ್ಟು ಅವಸರ ಮಾಡಿದರೆ ಕಪ್ಪಗೆ ಪುಡಿಪುಡಿಯಾಗಿ ಕೂರುತ್ತದೆ.

ಅಡಿಕೆಸಿಪ್ಪೆ:

ಮೈಲುತುತ್ತ ಅವರೇ, ನಮ್ಮನೆ ಅಟ್ಟದಲ್ಲಿ ಅದು ಚೀಲಗಟ್ಟಲೆ ಇದೆ! ಪೂರ್ತಿ ಹಂಡೆ ಬೇಕಾದಾಗ ಖಂಡಿತ ಮಾಡುತ್ತೇನೆ.

ತಗಡಿನಂಗಡಿ ಸರ್, ಮಣ್ಣಿನಲ್ಲೇ ಮೆತ್ತಿದ್ದರು. ಹೊಟ್ಟೆಯ ತನಕ ಮಣ್ಣು. ಮೇಲೆ ಭುಜ, ಕುತ್ತಿಗೆ, ಬಾಯಿ ಮಾತ್ರ ಕಾಣುತ್ತಿತ್ತು. ಎರಡೂ ಬದಿಗೆ ಬಳೆ ಇತ್ತು. ಹೊಟ್ಟೆಯ ಅಗಲ ಒಂದು ಮುಕ್ಕಾಲು ಅಡಿ ಮೇಲೇ ಇರಬೇಕು.

ತಗಡಿನಂಗಡಿ:

ಹಾಗಾದರೆ ಅರ್ಧ ಹಂಡೆ ಸಾಕು. ಮಣ್ಣಿನೊಳಗಿನದನ್ನು ಮಾಡುವ ಕೆಲಸವೇ ಇಲ್ಲ. ಮೈಲುತುತ್ತ ಅವರ ದಾರಿ ಹಂಡೆಯನ್ನು ಹೊರಗಿಟ್ಟು ತೋರಿಸುವವರಿಗೆ ಒಳ್ಳೆಯದು, ಸುತ್ತಲೂ ಒಂದೇ ಸಮ ಬರುತ್ತದೆ. ನಿಮಗೆ ಬೇಕಾದದ್ದು ಭುಜ ಮಾತ್ರ. ಅದನ್ನು ತಗಡಿನಲ್ಲೇ ಬಡಿದು ಮಾಡೋಣ.

0.1 ಮಿ.ಮೀ. ತಾಮ್ರದ ತಗಡು, 32 ಮಿ.ಮೀ. ಬಿಲ್ಲೆ. ಗ್ಯಾಸ್ ಉರಿಯ ಮೇಲೆ ಇಕ್ಕುಳದಲ್ಲಿ ಹಿಡಿಯಿರಿ. ಲೈಟು ಆರಿಸಿ ನೋಡಿದರೆ ಮಂಕು ಕೆಂಪು ಕಾಣುತ್ತದೆ, ಅಷ್ಟಕ್ಕೆ ತೆಗೆದು ನೀರಿಗೆ ಹಾಕಿ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗೇ ಇರುತ್ತದೆ. ಈಗ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಮೊದಲಿನ ಬಿರುಸು ಇರುವುದಿಲ್ಲ.

ಗಟ್ಟಿ ಮರದಲ್ಲಿ 25 ಮಿ.ಮೀ. ತೂತು ಕೊರೆದು ಅದರ ಮೇಲೆ ಬಿಲ್ಲೆ ಇಡಿ. ಉಳಿಯ ಮರದ ಹಿಡಿಯ ದುಂಡು ತುದಿಯಿಂದ ಒತ್ತಿ. ನಡುವೆ ಒಂದೇ ಸಲ ಗುದ್ದಬೇಡಿ. ಅಂಚಿನಿಂದ ಸುತ್ತು ಸುತ್ತಾಗಿ ಒಳಗೆ ಬನ್ನಿ. ಒತ್ತುತ್ತಾ ಹೋದಂತೆ ತಾಮ್ರ ಮತ್ತೆ ಬಿರುಸಾಗುತ್ತದೆ. ಅಂಚಿನಲ್ಲಿ ಸುಕ್ಕು ಕಂಡರೆ ನಿಲ್ಲಿಸಿ, ಬೆರಳಲ್ಲಿ ತೀಡಿ, ಮತ್ತೆ ಕಾಯಿಸಿ, ಮತ್ತೆ ಒತ್ತಿ. 7 ಮಿ.ಮೀ. ಆಳ ಬಂದರೆ ಸಾಕು.

ಆಮೇಲೆ ನಡುವೆ 14 ಮಿ.ಮೀ. ಬಾಯಿ ಕತ್ತರಿಸಿ. ಕುತ್ತಿಗೆಗೆ 2 ಮಿ.ಮೀ. ಅಗಲದ ತಾಮ್ರದ ಪಟ್ಟಿ ಸುತ್ತಿ ಬೆಸೆಯಿರಿ. ಬೆಸುಗೆ ಒಳಗಿನಿಂದ ಹಾಕಿ, ಹೊರಗೆ ಬೂದು ಗೆರೆ ಕಾಣಬಾರದು. ಇಷ್ಟು ತಾಮ್ರಕ್ಕೆ 25 ವಾಟ್ ಐರನ್ ಸಾಲದು. ತಾಮ್ರ ಬಿಸಿಯನ್ನೆಲ್ಲ ಎಳೆದುಕೊಂಡುಬಿಡುತ್ತದೆ. 60 ವಾಟಿನದು ಯಾರ ಹತ್ತಿರವಾದರೂ ಕೇಳಿ ತನ್ನಿ. ಬಾಯಿಯ ಅಂಚಿಗೆ 0.4 ಮಿ.ಮೀ. ತಂತಿ. ಬದಿಯ ಬಳೆಗಳು ಕೊಂಡಿಯಲ್ಲಿ ಸಡಿಲವಾಗಿ ನೇತಾಡಬೇಕು.

ಹಂಡೆಯ ಮೈ ಮೇಲೆ ಸುತ್ತಿಗೆಯ ಏಟಿನ ಗುರುತು ಸಾಲು ಸಾಲಾಗಿ ಇರುತ್ತದೆ. ಇದನ್ನು ಬಿಡಬೇಡಿ, ಬಹಳ ಜನ ಬಿಡುತ್ತಾರೆ. ಮೊಳೆಯ ತುದಿಯನ್ನು ಉಜ್ಜಿ ದುಂಡಗೆ ಮಾಡಿ. ಹಂಡೆಯ ಒಳಗೆ ರಬ್ಬರ್ ತುಂಡು ಇಟ್ಟು, ಮೇಲಿನಿಂದ ಹಗುರಾಗಿ ಒತ್ತುತ್ತಾ ಸುತ್ತು ಹಾಕಿ. ಒಂದು ಗುರುತು ಅರ್ಧ ಮಿಲಿಮೀಟರಿಗಿಂತ ದೊಡ್ಡದಾಗಬಾರದು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣಬೇಕು.

ಈಗ ನೀವು ತೀರ್ಮಾನ ಮಾಡಬೇಕಾದ ಒಂದು ವಿಷಯ ಇದೆ. ನಿಮ್ಮ ಡಯೊರಾಮಾ ಯಾವ ದಿನದ್ದು? ದೀಪಾವಳಿಯ ನೀರು ತುಂಬುವ ಹಬ್ಬದ್ದಾದರೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿರುತ್ತಾರೆ, ಫಳಫಳ ಹೊಳೆಯುತ್ತದೆ. ಕೆಮ್ಮಣ್ಣು, ಸುಣ್ಣದ ಪಟ್ಟೆ, ಕುತ್ತಿಗೆಗೆ ಹಿಂಡಲೆಕಾಯಿ ಬಳ್ಳಿ ಇರುತ್ತದೆ. ಮಳೆಗಾಲದ ಮಾಮೂಲಿ ದಿನವಾದರೆ ಭುಜವೆಲ್ಲ ಕಂದು, ಒಲೆಯ ಬಾಯಿಯ ಕಡೆ ಮಸಿ, ನೀರು ಮೊಗೆಯುವ ಜಾಗದಲ್ಲಿ ಮಾತ್ರ ಚೊಂಬು ತಾಗಿ ತಾಗಿ ಕೆಂಪು ತಾಮ್ರ. ಎರಡನ್ನೂ ಬೆರೆಸಬೇಡಿ. ಹೊಳೆಯುವ ಹಂಡೆಯ ಪಕ್ಕ ಮಸಿ ಹಿಡಿದ ಬಕೆಟ್ಟು ಇದ್ದರೆ ನಮ್ಮ ಕಡೆಯ ಹೆಂಗಸರು ಮೊದಲು ಅದನ್ನೇ ಕೇಳುತ್ತಾರೆ.

ಕಂದು ಬಣ್ಣಕ್ಕೆ ಒಂದು ಕೋಳಿಮೊಟ್ಟೆ ಗಟ್ಟಿಯಾಗಿ ಬೇಯಿಸಿ, ಒಡೆದು, ಹಂಡೆಯ ಜೊತೆ ಮುಚ್ಚಿದ ಡಬ್ಬದಲ್ಲಿಡಿ. ಹಳದಿಯಿಂದ ಬರುವ ಗಂಧಕದ ಗಾಳಿಗೆ ತಾಮ್ರ ನಿಧಾನ ಕಂದಾಗುತ್ತದೆ. ಬೇಕಾದ ಬಣ್ಣಕ್ಕೆ ಹೊರಗೆ ತೆಗೆಯಿರಿ. ಚೊಂಬು ತಾಗುವ ಜಾಗವನ್ನು ಹುಣಸೆರಸ ಅದ್ದಿದ ಕಡ್ಡಿಯಿಂದ ತಿಕ್ಕಿದರೆ ಅಲ್ಲಿ ಮಾತ್ರ ಕೆಂಪು ತೇಲುತ್ತದೆ. ಮೊಟ್ಟೆ ಬೇಡ ಅನ್ನುವ ಮನೆಯಾದರೆ ಹೊರಗಿನ ಶೆಡ್ಡಿನಲ್ಲಿ ಮಾಡಿ.

ಮೀಟರ್‌ಗೇಜ್:

ಮಾಡಿನ ತುಕ್ಕಿಗೆ ಪಿಸಿಬಿ (ಎಲೆಕ್ಟ್ರಾನಿಕ್ಸ್ ಬೋರ್ಡು) ಮೇಲಿನ ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್ ಬಳಸಬಹುದು ಅಂತ ಕೇಳಿದ್ದೇನೆ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ತಗಡಿನಂಗಡಿ ಅವರೇ, ನೀವು ಮಾಡಿದ್ದೀರಾ?

ತಗಡಿನಂಗಡಿ:

ಮಾಡುತ್ತೇನೆ, ಆದರೆ ಹೊರಗಡೆ ಮಾತ್ರ. ಅಲ್ಯುಮಿನಿಯಮ್ಮಿಗೂ ಅದಕ್ಕೂ ಆಗಿಬರುವುದಿಲ್ಲ. ಜೋರಾಗಿ ಕುದಿಯುತ್ತದೆ, ಬಿಸಿಯಾಗುತ್ತದೆ, ಹೊಗೆ ಬರುತ್ತದೆ. ನೀರು ಬೆರೆಸಿ ತೆಳು ಮಾಡಿ, ಪ್ಲಾಸ್ಟಿಕ್ ಬಟ್ಟಲಿನಲ್ಲಿ ಒಂದು ಸಲಕ್ಕೆ ಒಂದೇ ಶೀಟು ಬಿಡಿ. ಪ್ಲಾಸ್ಟಿಕ್ ಇಕ್ಕುಳ, ಕೈಗವಸು, ಕನ್ನಡಕ ಬೇಕು. ಪಕ್ಕದಲ್ಲಿ ಅಡುಗೆ ಸೋಡಾ ಕಲಸಿದ ನೀರು ಇರಲಿ. ಗುಳ್ಳೆ ಜೋರಾಗಿ ಎದ್ದ ತಕ್ಷಣ ಎತ್ತಿ ಅದರಲ್ಲಿ ಅದ್ದಿ. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ, ಲೋಹದ ಪೈಪು ತಿಂದುಬಿಡುತ್ತದೆ. ಮಕ್ಕಳಿರುವ ಮನೆಯಲ್ಲಿ ಇದರ ಸಹವಾಸವೇ ಬೇಡ.

ಅದರಿಂದ ಸಿಗುವುದು ತೂತು ಬಿದ್ದ, ಅಂಚು ಸವೆದ ತಗಡು. ಹಾಗೆ ಎರಡು ಮೂರು ಶೀಟು ಸಾಕು. ಇಡೀ ಮಾಡು ತೂತಾದರೆ ಅದು ಪಾಳು ಮನೆ, ದಿನಾ ಒಲೆ ಉರಿಯುವ ಬಚ್ಚಲಲ್ಲ.

ಉಳಿದ ಶೀಟುಗಳಿಗೆ ಮೆಟಲ್ ಪ್ರೈಮರ್, ಅದರ ಮೇಲೆ ಬೂದು ಬಣ್ಣ. ಪ್ರೈಮರ್ ಇಲ್ಲದೆ ಅಲ್ಯುಮಿನಿಯಂ ಮೇಲೆ ಬಣ್ಣ ಸಿಪ್ಪೆಯ ಹಾಗೆ ಏಳುತ್ತದೆ. ಹೊಸ ಜಿಂಕ್ ಶೀಟಿನ ಮೇಲೆ ಹೂವಿನ ಹಾಗೆ ಹರಳು ಹರಳಾಗಿ ಕಾಣುತ್ತದಲ್ವಾ, ಅದಕ್ಕೆ ಎರಡು ಬೂದು ಬಣ್ಣವನ್ನು ಸ್ಪಾಂಜಿನ ಚೂರಿನಿಂದ ಮುಟ್ಟಿಸಿ ಮುಟ್ಟಿಸಿ ತೆಗೆಯಿರಿ. ಕೊನೆಗೆ ಹೊಳಪಿಲ್ಲದ ವಾರ್ನಿಷ್. ಹಂಡೆ ಬಿಟ್ಟು ಉಳಿದ ಸಾಮಾನಿಗೂ ಅದೇ. ಇಷ್ಟು ಚಿಕ್ಕ ಬಕೆಟ್ಟಿನಲ್ಲಿ ಕೋಣೆಯ ಟ್ಯೂಬ್‌ಲೈಟು ಪೂರ್ತಿ ಪ್ರತಿಫಲಿಸಿದರೆ ಅದರ ಗಾತ್ರ ತಕ್ಷಣ ಬಯಲಾಗುತ್ತದೆ.

ತುಕ್ಕಿಗೆ ಅಂಗಡಿಯ ಪುಡಿ ಕೊಳ್ಳಬೇಡಿ. ಗ್ರಂಥಿಗೆ ಅಂಗಡಿಯ ಕಾವಿಯೂ ಕಬ್ಬಿಣದ ತುಕ್ಕೇ. ನುಣ್ಣಗೆ ಅರೆದು, ಸ್ಪಿರಿಟ್ಟಿನಲ್ಲಿ ಕಲಸಿ, ಅತಿ ಸಣ್ಣ ಕುಂಚದಿಂದ ಮೊಳೆಯ ಸುತ್ತ ಇಡಿ. ಅಲ್ಲಿಂದ ಇಳಿಜಾರಿಗೆ ಒಂದು ಗೆರೆ ಎಳೆಯಿರಿ. ಶೀಟಿನ ಮೇಲೆ ಶೀಟು ಕೂರುವ ಸಂದಿಯಲ್ಲಿ, ಕತ್ತರಿಸಿದ ಅಂಚಿನಲ್ಲಿ ಇನ್ನೊಂದು ಸ್ವಲ್ಪ. ನೀರು ನಿಲ್ಲುವುದು ಅಲ್ಲೇ, ಸತು ಮೊದಲು ಸೋಲುವುದೂ ಅಲ್ಲೇ. ಹಳೆಯ ತುಕ್ಕು ಕಡು ಕಂದು, ಅದಕ್ಕೆ ಕಾವಿಯ ಜೊತೆ ಕಾಡಿಗೆ ಬೆರೆಸಿ. ಹೊಸ ತುಕ್ಕು ಮಾತ್ರ ಕೇಸರಿ. ಮಾಡಿನ ಒಳಮೈಯನ್ನು ಮರೆಯಬೇಡಿ. ಒಲೆಯ ನೇರಕ್ಕೆ ಅಲ್ಲಿ ತುಕ್ಕಿಲ್ಲ, ಹೊಗೆಯ ಜಿಡ್ಡು ಕಪ್ಪು. ಅಲ್ಲಿಗೆ ಮಾತ್ರ ಹೊಳಪಿನ ವಾರ್ನಿಷ್ ಕೊಡಿ.

ಅಡಿಕೆಸಿಪ್ಪೆ:

ಸರ್, ಮಳೆಗಾಲದ ದಿನವೇ ಮಾಡುತ್ತೇನೆ. ಅಜ್ಜಿಯನ್ನು ಕೇಳಿದೆ. ಹಂಡೆಯ ಬಾಯಿಗೆ ಮರದ ಹಲಗೆ ಮುಚ್ಚುತ್ತಿದ್ದರಂತೆ, ಅದರ ಮೇಲೇ ಚೊಂಬು. ಬಕೆಟ್ಟು ಒಂದು ಬೋರಲು, ಇನ್ನೊಂದು ನೆಟ್ಟಗೆ. ನೆಟ್ಟಗಿರುವ ಬಕೆಟ್ಟಿನ ಹಿಡಿ ಮೇಲೆ ನಿಂತಿರಬೇಕಾ, ಬಿದ್ದಿರಬೇಕಾ?

ತಗಡಿನಂಗಡಿ:

ಬಿದ್ದಿರಬೇಕು. ಕೈ ಬಿಟ್ಟರೆ ಹಿಡಿ ನಿಲ್ಲುವುದಿಲ್ಲ. ಬಾಯಿಯ ಅಂಚಿಗೆ ಒಂದು ಕಡೆ ತಾಗಿ ಒರಗಲಿ. ಅದು ದಿನಾ ತಾಗುವ ಜಾಗದಲ್ಲಿ ಅಂಚಿನ ಬೂದು ಸವೆದು ಚೂರು ತುಕ್ಕು ಬಂದಿರುತ್ತದೆ, ಅಲ್ಲಿ ಸೂಜಿ ಮೊನೆಯಷ್ಟು ಕಾವಿ ಇಡಿ. ಹಂಡೆಗೆ ಹಲಗೆ ಮುಚ್ಚುವುದಾದರೆ ಅರ್ಧ ಸರಿಸಿ ಮುಚ್ಚಿ, ಅಷ್ಟು ಕಷ್ಟಪಟ್ಟು ಮಾಡಿದ ಕುತ್ತಿಗೆ ಕಾಣಲಿ. 60 ವಾಟ್ ಐರನ್ ಸಿಗದಿದ್ದರೆ ಹೇಳಿ, ಗ್ಯಾಸ್ ಉರಿಯಲ್ಲೇ ಬೆಸೆಯುವ ಬಗೆ ಬರೆಯುತ್ತೇನೆ.